ಇಂಜಿನಿಯರಿಂಗ್ ಮಕ್ಕಳೇ, ಸ್ಕಾಲರ್‌ಶಿಪ್‌ನಿಂದ ಬೇಸಿಗೆ ಸಂಶೋಧನೆವರೆಗೆ ಹೀಗೆ ಮಾಡಿ

ಕಲಬುರಗಿ ಕಡೆಯ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್. ಹದಿನಾರು ವರ್ಷ ಆಯಿತು. "ಮೇಡಂ, ಕೊನೇ ದಿನ ನಿನ್ನೆಯೇ ಮುಗೀತಂತೆ" ಎಂದು ಬಂದು ನಿಲ್ಲುವ ಮುಖಗಳನ್ನು ಪ್ರತಿ ವರ್ಷ ನೋಡುತ್ತೇನೆ. ತುಂಬಾ ಸಂಕಟವಾಗುತ್ತದೆ.

ಮೊದಲು ಬ್ಯಾಂಕ್ ಖಾತೆ ಸರಿಮಾಡಿಕೊಳ್ಳಿ. ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮಂಜೂರಾದ ಹಣ ಆಧಾರ್ ಜೋಡಣೆಯಾದ ಖಾತೆಗೇ ಬರುತ್ತದೆ. ಸಿಂಧನೂರು ಕಡೆಯ ಹುಡುಗನೊಬ್ಬ ಹಣ ಬಂದಿಲ್ಲವೆಂದು ನಾಲ್ಕು ತಿಂಗಳು ಅಲೆದ. ಕೊನೆಗೆ ನೋಡಿದರೆ, ಎಂಟನೇ ಕ್ಲಾಸಿನಲ್ಲಿದ್ದಾಗ ಊರಲ್ಲಿ ತೆರೆದಿದ್ದ ಖಾತೆಗೆ ಆಧಾರ್ ಜೋಡಿಸಿತ್ತು. ವ್ಯವಹಾರವಿಲ್ಲದೆ ಆ ಖಾತೆ ನಿಂತೇ ಹೋಗಿತ್ತು. ಹಾಗಾಗಿ ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಆಗಿದೆಯಾ" ಎಂದಷ್ಟೇ ಕೇಳಬೇಡಿ. "ಎನ್‌ಪಿಸಿಐ ಮ್ಯಾಪಿಂಗ್ ಈ ಖಾತೆಗೇ ಇದೆಯಾ" ಎಂದು ಕೇಳಿ. ನಿಮ್ಮ ಆಧಾರ್‌ಗೆ ಬರುವ ಹಣ ಯಾವ ಖಾತೆಗೆ ಹೋಗಬೇಕೆಂದು ತೋರಿಸುವ ನೋಂದಣಿ ಅದು.

ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ. ದಾಖಲೆಗಳ ಇ-ದೃಢೀಕರಣ, ಅಂದರೆ ಅವು ಅಸಲಿ ಎಂದು ಆನ್‌ಲೈನ್‌ನಲ್ಲಿ ದೃಢಪಡಿಸುವುದು, ಕಾಲೇಜಿನಲ್ಲೇ ಆಗುತ್ತದೆ, ಆದರೆ ಕೊನೇ ವಾರ ಅಲ್ಲಿ ಸಾಲು ಕರಗುವುದೇ ಇಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ಊಟ-ವಸತಿಗೆಂದು ತಿಂಗಳಿಗೆ ಇಷ್ಟೆಂದು ಹತ್ತು ತಿಂಗಳು ಹಣ ಕೊಡುತ್ತಾರೆ. ಹೆಣ್ಣುಮಕ್ಕಳು ತಾಂತ್ರಿಕ ಶಿಕ್ಷಣದ ಕೇಂದ್ರ ಸಂಸ್ಥೆಯಾದ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಬಿಡಲೇಬೇಡಿ. ವರ್ಷಕ್ಕೆ 50,000 ರೂಪಾಯಿ. ಮನೆಯ ಆದಾಯ 8 ಲಕ್ಷದೊಳಗಿರಬೇಕು, ಒಂದೇ ಮನೆಯ ಇಬ್ಬರಿಗೂ ಸಿಗಬಹುದು. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರು ಆ ವರ್ಷವೇ ಹಾಕಬೇಕು, ಉಳಿದವರು ಮೊದಲ ವರ್ಷದಲ್ಲೇ. ಅಂಗವಿಕಲ ಮಕ್ಕಳಿಗೆ ಇಷ್ಟೇ ಮೊತ್ತದ ಸಕ್ಷಮ್ ಇದೆ.

ಇನ್ನು ಪ್ರಾಜೆಕ್ಟ್. ಕೊನೇ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವವರಿದ್ದಾರೆ. ದಯವಿಟ್ಟು ಬೇಡ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಎಲ್ಲರೂ ಹೇಳುವ ಕೆಎಸ್‌ಸಿಎಸ್‌ಟಿ, ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ನಲವತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಹಣ ಕೊಡುತ್ತಾ ಬಂದಿದೆ. ಅರ್ಜಿ ಗೈಡ್ ಮತ್ತು ಕಾಲೇಜಿನ ಮೂಲಕವೇ ಹೋಗಬೇಕು. ಅದಕ್ಕೇ ಆರನೇ ಸೆಮಿಸ್ಟರ್ ಮುಗಿಯುವ ಮೊದಲೇ ಗೈಡ್ ಯಾರೆಂದು ಗೊತ್ತುಮಾಡಿಕೊಳ್ಳಿ.

ವಿಷಯ ನಿಮ್ಮ ಕಣ್ಣೆದುರೇ ಇರುತ್ತದೆ. ನಮ್ಮಲ್ಲಿ ಇಬ್ಬರು ಹುಡುಗಿಯರು ತೊಗರಿಯ ತೇವಾಂಶ ಅಳೆಯಲು ಹೊರಟರು. ಎರಡು ಲೋಹದ ತಗಡಿನ ನಡುವೆ ಕಾಳು ಸುರಿದು ಕೆಪಾಸಿಟೆನ್ಸ್ (ಆ ತಗಡುಗಳು ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ) ನೋಡುವುದು, ಕಾಳಿನಲ್ಲಿ ನೀರು ಹೆಚ್ಚಿದ್ದರೆ ಅದೂ ಏರುತ್ತದೆ. ಆದರೆ ಅದೇ ಡಬ್ಬಿ, ಅದೇ ಕಾಳು, ಬೆಳಿಗ್ಗೆ ಒಂದು ರೀಡಿಂಗ್, ಮಧ್ಯಾಹ್ನ ಇನ್ನೊಂದು! ಮೂರು ದಿನ ವೈರ್ ಬದಲಾಯಿಸಿದರು. ಆಮೇಲೆ ಒಬ್ಬಳು ಡಬ್ಬಿಯೊಳಗೆ ಥರ್ಮಾಮೀಟರ್ ಇಟ್ಟಳು. ರೀಡಿಂಗ್ ಕುಣಿಸುತ್ತಿದ್ದದ್ದು ನಮ್ಮ ಬಿಸಿಲು.

ಆ ಥರ್ಮಾಮೀಟರೇ ಮುಂದೆ ಅವಳ ಕೈಹಿಡಿಯಿತು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅವಳು ಅರ್ಜಿ ಹಾಕಿದಳು. ಎರಡು ತಿಂಗಳು ಒಬ್ಬ ವಿಜ್ಞಾನಿಯ ಲ್ಯಾಬ್‌ನಲ್ಲಿ ಕೆಲಸ, ಜೊತೆಗೆ ಸ್ಟೈಪೆಂಡ್. ಅದರಲ್ಲಿ ಯಾಕೆ ಬರುತ್ತೀರಿ ಎಂದು ಬರೆದುಕೊಡಬೇಕು. ಮೊದಲು "ಚಿಕ್ಕಂದಿನಿಂದ ನನಗೆ ವಿಜ್ಞಾನದಲ್ಲಿ ಆಸಕ್ತಿ" ಎಂದು ಶುರುಮಾಡಿದ್ದಳು. ಅದನ್ನು ಹೊಡೆದುಹಾಕಿಸಿದೆ. "ಒಂದೇ ಕಾಳಿಗೆ ಎರಡು ರೀಡಿಂಗ್ ಬಂತು, ಕಾರಣ ಹುಡುಕಿದೆ" ಎಂದು ಬರೆದಳು. ಆಯ್ಕೆಯಾದಳು. ನೀವೂ ಹೀಗೇ ಮಾಡಿ, ಕೆಟ್ಟುಹೋದ ಒಂದು ಪ್ರಯೋಗದಿಂದ ಶುರುಮಾಡಿ.

ಈ ಅರ್ಜಿಗೆ ಅಧ್ಯಾಪಕರ ಶಿಫಾರಸು ಬೇಕು. ಇಲ್ಲೇ ಜಾಸ್ತಿ ಮಕ್ಕಳು ಸಂಕೋಚಪಟ್ಟು ಸುಮ್ನೆ ಕೂತುಬಿಡುತ್ತಾರೆ. ಟಾಪರ್ ಆಗಿರಬೇಕಾಗಿಲ್ಲ, ನಿಮ್ಮ ಕೆಲಸ ಹತ್ತಿರದಿಂದ ನೋಡಿದವರನ್ನು ಕೇಳಿ. ಕೊನೇ ದಿನಕ್ಕೆ ಎರಡು ವಾರ ಮೊದಲೇ ಹೋಗಿ. ಬರಿಗೈಲಿ ಹೋಗಬೇಡಿ. ಒಂದು ಹಾಳೆಯಲ್ಲಿ ನಿಮ್ಮ ಯುಎಸ್‌ಎನ್ (ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ), ಅಂಕಗಳು, ಅವರ ಲ್ಯಾಬ್‌ನಲ್ಲಿ ಮಾಡಿದ ಪ್ರಯೋಗ, ಕೊನೇ ದಿನಾಂಕ ಬರೆದು ಕೊಡಿ. ದಿನಾಂಕದ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ನಾಲ್ಕು ದಿನ ಬಿಟ್ಟು ಒಮ್ಮೆ ನೆನಪಿಸಿ, ಅವರ ಮೇಜಿನ ಮೇಲೆ ಇಂಟರ್ನಲ್ಸ್ ಪೇಪರ್‌ಗಳ ರಾಶಿಯೇ ಬಿದ್ದಿರುತ್ತದೆ.