ಎನ್‌ಎಸ್‌ಎಸ್ ಗಂಟೆಗಳನ್ನು ಓದಿ ಹೇಳೋದಕ್ಕೆ ಕೊಟ್ಟೆವು: ನನ್ನ ಅನುಭವ

ನಾನು ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಜೊತೆಗೆ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಜವಾಬ್ದಾರಿಯೂ ಇದೆ. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ. 5ರಷ್ಟು ಸೀಟು ಮೀಸಲಿಡಬೇಕು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಹಾಗಾಗಿ ಕಣ್ಣು ಕಾಣದ ಮಕ್ಕಳಿಗೂ ನಮ್ಮಲ್ಲಿ ಸೀಟು ಸಿಗುತ್ತದೆ. ಆದರೆ ಸೇರಿದ ಮೇಲೆ ಓದಲು ಪುಸ್ತಕ ಎಲ್ಲಿದೆ? ಪರೀಕ್ಷೆ ಬರೆಯಲು ಜೊತೆಗೆ ಯಾರಿದ್ದಾರೆ? ಎಲ್ಲ ಥರದ ಮಕ್ಕಳೂ ನಮ್ಮ ತರಗತಿಯಲ್ಲಿ ಕೊನೆಯ ಸೆಮಿಸ್ಟರ್‌ವರೆಗೂ ಇರಬೇಕು ಅಂದರೆ ಮೊದಲು ಇದಕ್ಕೇ ಕೈಹಾಕಬೇಕು ಅನ್ನಿಸಿತು.

ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಆವರಣ ಸ್ವಚ್ಛತೆ, ಗಿಡ ನೆಡೋದು, ಜಾಥಾ, ಎಲ್ಲವೂ ಬೇಕು. ಆದರೆ ಅದರಲ್ಲಿ ಒಂದು ಪಾಲು ಗಂಟೆಗಳನ್ನು ಪಕ್ಕದ ಬೆಂಚಿನಲ್ಲಿ ಕೂತಿರುವವರಿಗೇ ಕೊಡೋಣ ಅಂದೆ. ಮಕ್ಕಳು ತಕ್ಷಣ ಒಪ್ಪಿದರು.

ಮೊದಲು ಕಣ್ಣು ಕಾಣದ ವಿದ್ಯಾರ್ಥಿಗಳನ್ನೇ ಕೂರಿಸಿಕೊಂಡು ಕೇಳಿದೆವು. "ಮೇಡಂ, ನೋಟ್ಸ್ ವಾಟ್ಸಾಪ್‌ನಲ್ಲಿ ಬರುತ್ತೆ. ಆದ್ರೆ ಮೊಬೈಲ್ ಅದನ್ನ ಓದಲ್ಲ" ಅಂದ ಒಬ್ಬ. ಕಾರಣ ಬೇಗ ಗೊತ್ತಾಯಿತು. ನಮ್ಮಲ್ಲಿ ಬಹಳ ಜನ ಇನ್ನೂ 'ನುಡಿ' ತಂತ್ರಾಂಶದ ಹಳೆಯ ಫಾಂಟ್‌ನಲ್ಲೇ ಟೈಪ್ ಮಾಡುತ್ತಾರೆ. ಪರದೆಯ ಮೇಲೆ ಅದು ಕನ್ನಡ. ಒಳಗೆ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಪರದೆ ಓದಿ ಹೇಳುವ ತಂತ್ರಾಂಶ, ಮೊಬೈಲಿನ ಟಾಕ್‌ಬ್ಯಾಕ್ ಇರಲಿ, ಕಂಪ್ಯೂಟರಿನ ಎನ್‌ವಿಡಿಎ ಇರಲಿ, ಒಳಗಿರುವುದನ್ನೇ ಓದುತ್ತದೆ. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಬದಲಾಯಿಸಿದರೆ ಮಾತ್ರ ಕನ್ನಡ ಕೇಳಿಸುತ್ತದೆ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆದರೆ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಡುತ್ತವೆ, ಹಾಗಾಗಿ ಒಬ್ಬರು ಕೂತು ತಿದ್ದಲೇಬೇಕು. ಅಚ್ಚಾದ ಪುಸ್ತಕವಾದರೆ ಪುಟದ ಫೋಟೋ ತೆಗೆದು, ಗೂಗಲ್ ಡ್ರೈವ್‌ಗೆ ಹಾಕಿ, ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳಾಗಿ ಬರುತ್ತದೆ. ಕೋಷ್ಟಕಗಳು ಮಾತ್ರ ಚೆಲ್ಲಾಪಿಲ್ಲಿಯಾಗುತ್ತವೆ. ಅವನ್ನು ವಾಕ್ಯವಾಗಿ ಬಿಡಿಸಿ ಬರೆಯುತ್ತೇವೆ.

ಹೀಗೆ ಮಾಡಿದರೆ ಕಾಪಿರೈಟ್ ತೊಂದರೆ ಬರಲ್ವಾ ಅಂತ ಕೆಲವು ಸಹೋದ್ಯೋಗಿಗಳು ಕೇಳಿದರು. ಅಂಗವಿಕಲರ ಓದಿಗಾಗಿ, ಲಾಭವಿಲ್ಲದೆ, ಅವರಿಗೆ ಒಗ್ಗುವ ಪ್ರತಿ ಮಾಡಿಕೊಡಲು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯಲ್ಲೇ ಅವಕಾಶ ಇದೆ. ಇದನ್ನು ಹೇಳಿದ ಮೇಲೆ ಅವರೇ ತಮ್ಮ ನೋಟ್ಸ್ ತಂದುಕೊಟ್ಟರು.

ಹಳಗನ್ನಡಕ್ಕೆ ಮಾತ್ರ ಯಂತ್ರ ಸಾಲದು. ಪಂಪನ ಒಂದು ಕಂದ ಪದ್ಯವನ್ನು ಅದು ಒಂದೇ ಉಸಿರಿಗೆ ಒದರಿಬಿಡುತ್ತದೆ. ಇಲ್ಲಿ ಮನುಷ್ಯರ ದನಿಯೇ ಬೇಕು. ನಾವು ಕಂಡುಕೊಂಡ ಕ್ರಮ ಇದು: ಮೊದಲು ಪದ್ಯವನ್ನು ಲಯಕ್ಕೆ ತಕ್ಕಂತೆ ಓದೋದು. ಆಮೇಲೆ ಪದ ಬಿಡಿಸಿ ಓದೋದು. ಕೊನೆಗೆ ಅರ್ಥ ಹೇಳೋದು. ಪುಟದ ಸಂಖ್ಯೆ ಹೇಳಬೇಕು, "ಹೊಸ ಪ್ಯಾರಾ" ಅನ್ನಬೇಕು. ಫೈಲ್ ಚಿಕ್ಕದಾಗಿರಬೇಕು, ಹೆಸರಿನಲ್ಲೇ ಘಟಕ ಮತ್ತು ಪಾಠ ಇರಬೇಕು. ಇಲ್ಲದಿದ್ದರೆ ಪರೀಕ್ಷೆಯ ಹಿಂದಿನ ರಾತ್ರಿ ಬೇಕಾದ್ದು ಸಿಗಲ್ಲ. ನಮ್ಮ ಒಳ್ಳೆಯ ಓದುಗರಲ್ಲಿ ತಾಂಡಾದಿಂದ ಬರುವ ಹುಡುಗನೊಬ್ಬನಿದ್ದಾನೆ. ಮನೆಮಾತು ಲಂಬಾಣಿ, ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವನ ದನಿಯಲ್ಲಿ ವಚನಗಳನ್ನು ಕೇಳಬೇಕು, ಅಷ್ಟು ಚೆನ್ನಾಗಿ ಓದುತ್ತಾನೆ. ಈಗ ಅವನ ಫೈಲ್‌ಗಳನ್ನು ಕಣ್ಣು ಕಾಣುವ ಮಕ್ಕಳೂ ಬಸ್ಸಿನಲ್ಲಿ ಕೇಳುತ್ತಾರೆ.

ಪರೀಕ್ಷೆಗೆ ಸ್ಕ್ರೈಬ್, ಅಂದರೆ ಹೇಳಿದ್ದನ್ನು ಬರೆದುಕೊಡುವವರನ್ನು ಹುಡುಕೋದು ಇನ್ನೊಂದು ದೊಡ್ಡ ಕೆಲಸ. 2018ರ ಕೇಂದ್ರದ ಮಾರ್ಗಸೂಚಿ ಪ್ರಕಾರ ಅಭ್ಯರ್ಥಿಯೇ ಕರೆತರುವ ಸ್ಕ್ರೈಬ್‌ನ ಓದು ಅಭ್ಯರ್ಥಿಗಿಂತ ಒಂದು ಹಂತ ಕೆಳಗಿರಬೇಕಿತ್ತು. ಹಾಗಾಗಿ ಪಕ್ಕದ ಪಿಯು ಕಾಲೇಜಿಗೆ ಹೋಗಿ ಮಕ್ಕಳನ್ನು ಕೇಳಿಕೊಂಡೆವು. ಪರೀಕ್ಷೆಗೆ ಮುಂಚೆಯೇ ಇಬ್ಬರೂ ಕೂತು ಅಭ್ಯಾಸ ಮಾಡುತ್ತಾರೆ. ಎಷ್ಟು ವೇಗವಾಗಿ ಹೇಳಬೇಕು, ಕೊನೆಯ ಸಾಲನ್ನು ಯಾವಾಗ ಓದಿ ತೋರಿಸಬೇಕು, ಎಲ್ಲಿ ಅಡಿಗೆರೆ ಹಾಕಬೇಕು, ಎಲ್ಲ ಮೊದಲೇ ಮಾತಾಗಿರುತ್ತದೆ. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವೂ ಇದೆ. 3 ಗಂಟೆಯ ಪರೀಕ್ಷೆಗೆ 4 ಗಂಟೆ. ಒಂದು ಕೇಂದ್ರದಲ್ಲಿ ಅದನ್ನು ಕೊಡಲು ಒಪ್ಪಲಿಲ್ಲ. ಮಾರ್ಗಸೂಚಿಯ ಪ್ರತಿ ತೋರಿಸಿದ ಮೇಲೆ ಕೊಟ್ಟರು. ಅಂದಿನಿಂದ ಪ್ರವೇಶಪತ್ರದ ಜೊತೆಗೇ ಆ ಪ್ರತಿಯನ್ನೂ ಪಿನ್ ಮಾಡಿ ಕಳಿಸುತ್ತೇವೆ.

ಕಣ್ಣು ಕಾಣದ ಮಕ್ಕಳನ್ನು ಸುಮ್ನೆ ಸಹಾಯ ತಗೊಳ್ಳುವವರಾಗಿ ಮಾತ್ರ ಇಡೋದು ನನಗೆ ಇಷ್ಟವಿರಲಿಲ್ಲ. ಅವರನ್ನೂ ಎನ್‌ಎಸ್‌ಎಸ್‌ಗೆ ಸೇರಿಸಿಕೊಂಡೆವು. ಏಳು ದಿನದ ಶಿಬಿರಕ್ಕೆ ಬಂದರು. ಹಳ್ಳಿಯಲ್ಲಿ ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಬಗ್ಗೆ ತಿಳಿಸುವ ಕೆಲಸ ಇತ್ತು. ಕಟ್ಟೆಯ ಮೇಲೆ ಕೂತು ನಮ್ಮ ಹುಡುಗ ತನ್ನ ಕಾರ್ಡ್ ತೆಗೆದು ತೋರಿಸಿದ. ಯಾವ ಕಾಗದ ಬೇಕು, ಆಸ್ಪತ್ರೆಯಲ್ಲಿ ಏನು ಕೇಳುತ್ತಾರೆ ಅಂತ ವಿವರಿಸಿದ. "ಕಾಲೇಜಿಗೆ ಹೋಗ್ತೀಯೇನಪ್ಪಾ? ಯಾರು ಓದಿ ಹೇಳ್ತಾರೆ?" ಅಂತ ಒಬ್ಬ ಅಜ್ಜಿ ಕೇಳಿದರು. ಅವರ ಮೊಮ್ಮಗಳಿಗೂ ದೃಷ್ಟಿ ಇಲ್ಲವಂತೆ. ಅವನು ಮೊಬೈಲ್ ತೆಗೆದು ಅಲ್ಲೇ ಒಂದು ಪಾಠ ಕೇಳಿಸಿದ. ನಾನು ಗಂಟೆಗಟ್ಟಲೆ ಭಾಷಣ ಮಾಡಿದ್ದರೂ ಆ ಮನೆಯವರು ಅಷ್ಟು ಗಮನ ಕೊಡುತ್ತಿರಲಿಲ್ಲ.

ನನ್ನ ಪಾಠವೂ ಬದಲಾಗಿದೆ. ಬೋರ್ಡಿನ ಮೇಲೆ ನಕ್ಷೆ ಬರೆದು "ಇಲ್ಲಿಂದ ಇಲ್ಲಿಗೆ" ಅನ್ನುತ್ತಿದ್ದವಳು ಈಗ "ಹಂಪಿಯಿಂದ ಉತ್ತರಕ್ಕೆ, ಕೃಷ್ಣಾ ನದಿಯವರೆಗೆ" ಅಂತ ಬಾಯಿಬಿಟ್ಟು ಹೇಳುತ್ತೇನೆ. ಹಿಂದಿನ ಬೆಂಚಿನವರಿಗೂ ಜಾಸ್ತಿ ಅರ್ಥವಾಗುತ್ತಿದೆ ಅಂತ ಉತ್ತರ ಪತ್ರಿಕೆ ನೋಡಿದರೆ ಗೊತ್ತಾಗುತ್ತದೆ.

ಈ ವರ್ಷ ಅರ್ಥಶಾಸ್ತ್ರ ತಗೊಂಡ ಒಬ್ಬ ಹುಡುಗಿ ಬಂದಿದ್ದಾಳೆ. ಬೇಡಿಕೆ ರೇಖೆಯನ್ನು ಮಾತಿನಲ್ಲಿ ಹೇಳೋದು ಹೇಗೆ, ಸಮೀಕರಣದಲ್ಲಿ ಆವರಣ ಎಲ್ಲಿ ತೆರೆಯಿತು ಎಲ್ಲಿ ಮುಚ್ಚಿತು ಅಂತ ಓದೋದು ಹೇಗೆ ಅಂತ ಸ್ವಯಂಸೇವಕರು ಅವಳ ಹತ್ತಿರ ಕಲಿಯುತ್ತಿದ್ದಾರೆ. ರಟ್ಟಿನ ಮೇಲೆ ದಾರ ಅಂಟಿಸಿ ರೇಖೆಗಳನ್ನು ಮಾಡಿಕೊಟ್ಟಿದ್ದೇವೆ, ಬೆರಳಿನಿಂದ ಮುಟ್ಟಿ ತಿಳಿದುಕೊಳ್ಳುತ್ತಾಳೆ. ಎರಡು ರೇಖೆ ಒಂದನ್ನೊಂದು ದಾಟುವ ಕಡೆ ಬೇರೆ ಬೇರೆ ದಪ್ಪದ ದಾರ ಹಾಕಿ ಅಂದಿದ್ದಾಳೆ. ಮುಂದಿನ ಶನಿವಾರ ಆ ಕೆಲಸ.