ಕರೆಂಟ್ ಮರಳಿದಾಗ ಪಿಎಲ್‌ಸಿ ಏನು ಮಾಡಬೇಕು?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಮರಳು ಮಿಕ್ಸರ್ ನೋಡಿಕೊಳ್ಳುತ್ತೇನೆ. ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಹುಡುಗನೊಬ್ಬ ಬ್ಲೇಡಿಗೆ ಅಂಟಿದ ಮರಳನ್ನು ಕೆರೆದು ಕೈ ಹೊರತೆಗೆದ ಮರುಗಳಿಗೆಯೇ ಕರೆಂಟ್ ಬಂದು, ಮಿಕ್ಸರ್ ತಾನಾಗಿಯೇ ತಿರುಗಿತು. ಅಂದಿನಿಂದ, ಕರೆಂಟ್ ಮರಳಿದಾಗ ಪಿಎಲ್‌ಸಿ (ಯಂತ್ರವನ್ನು ನಡೆಸುವ ಪುಟ್ಟ ಕಂಪ್ಯೂಟರ್) ಏನು ಮಾಡಬೇಕೆಂಬ ಸೆಟ್ಟಿಂಗ್ ನೋಡದೆ ಯಾವ ಪ್ಯಾನೆಲ್ಲನ್ನೂ ಮುಚ್ಚುವುದಿಲ್ಲ.

ನಮ್ಮದು ಸೀಮೆನ್ಸ್ ಎಸ್7-1200. ಅದರ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್ ಟಿಐಎ ಪೋರ್ಟಲ್‌ನಲ್ಲಿ ಸಿಪಿಯು (ಪಿಎಲ್‌ಸಿಯ ಮಿದುಳು) ಪ್ರಾಪರ್ಟೀಸ್ ತೆರೆದು ‘ಸ್ಟಾರ್ಟಪ್’ಗೆ ಹೋಗಿ. ಆಯ್ಕೆಗಳು ಮೂರು: ಸ್ಟಾಪ್‌ನಲ್ಲೇ (ಪ್ರೋಗ್ರಾಂ ನಿಂತ ಸ್ಥಿತಿ) ಉಳಿಯುವುದು, ರನ್‌ಗೆ (ಪ್ರೋಗ್ರಾಂ ಓಡುವ ಸ್ಥಿತಿ) ಹೋಗುವುದು, ಕರೆಂಟ್ ಹೋಗುವ ಮುಂಚಿನ ಸ್ಥಿತಿಗೆ ಮರಳುವುದು. ನಾವು ಬದಲಿಸದಿದ್ದರೆ ಮೂರನೆಯದೇ ಇರುತ್ತದೆ. ಹೊಸ ಯಂತ್ರದ ಪರೀಕ್ಷೆ ಮುಗಿಯುವವರೆಗೆ ಮೊದಲನೆಯದನ್ನು ಇಡಿ.

ಆಮೇಲೆ ರನ್ ಇಟ್ಟರೂ ಅಡ್ಡಿಯಿಲ್ಲ. ಆದರೆ ಸಿಪಿಯು ಏಳುವುದು ಬೇರೆ, ಮೋಟಾರ್ ತಿರುಗುವುದು ಬೇರೆ. ಸಿಪಿಯು ಏಳುವಾಗ ಒಮ್ಮೆ ಓಡುವ ಓಬಿ100 ಬ್ಲಾಕ್‌ನಲ್ಲಿ ಮೋಟಾರ್ ಬಿಟ್‌ಗಳನ್ನು (ಮೋಟಾರಿಗೆ ಓಡು ಎನ್ನುವ ಗುರುತುಗಳು) ಸೊನ್ನೆ ಮಾಡಿ. ಸ್ಟಾರ್ಟ್ ಬಟನ್ ಒತ್ತಿದರೆ ಮಾತ್ರ ತಿರುಗಲಿ. ಕರೆಂಟ್ ಹೋದರೂ ಅಳಿಯದ ರಿಟೇನ್ ಮೆಮೊರಿಯಲ್ಲಿ ಬ್ಯಾಚ್ ಲೆಕ್ಕ ಇರಲಿ, ಮೋಟಾರ್ ಬಿಟ್ ಖಂಡಿತ ಬೇಡ. ಇಷ್ಟಾದರೂ ಒಳಗೆ ಕೈ ಹಾಕುವವರು ಕರೆಂಟ್ ಪೂರ್ತಿ ಕಡಿಯುವ ಐಸೊಲೇಟರ್ ಸ್ವಿಚ್ಚನ್ನು ಇಳಿಸಿ ಬೀಗ ಹಾಕಲೇಬೇಕು.

ಬದಲಿಸಿದ ಸೆಟ್ಟಿಂಗನ್ನು ಪಿಎಲ್‌ಸಿಗೆ ಡೌನ್‌ಲೋಡ್ ಮಾಡುವಾಗ ಸಿಪಿಯು ನಿಲ್ಲುತ್ತದೆ, ಶಿಫ್ಟ್ ಬದಲಾಗುವ ಹೊತ್ತನ್ನು ಆರಿಸಿಕೊಳ್ಳಿ. ಮುಗಿದ ಮೇಲೆ ಮಿಕ್ಸರ್ ಓಡುತ್ತಿರುವಾಗಲೇ ಮೇನ್ ಸ್ವಿಚ್ ಇಳಿಸಿ, ಮತ್ತೆ ಏರಿಸಿ, ಬ್ಲೇಡ್ ಅಲುಗದಿರುವುದನ್ನು ಕಣ್ಣಾರೆ ನೋಡಿ.