ಬೈಕಿಗೊಂದು ಪುಟ್ಟ ಥರ್ಮಾಮೀಟರ್: ಸೆನ್ಸರ್ ಎಲ್ಲಿ ಕೂರಿಸಬೇಕು?

ಜನವರಿಯ ಒಂದು ಬೆಳಿಗ್ಗೆ ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೋಗುತ್ತಿದ್ದೆ. ಜಾಕೆಟ್ ಜಿಪ್ ಕತ್ತಿನವರೆಗೂ ಎಳೆದಿದ್ದೆ, ಆದರೂ ಚಳಿ. ಹ್ಯಾಂಡಲ್ ಮೇಲೆ ಹೊಸದಾಗಿ ಅಂಟಿಸಿದ್ದ ಥರ್ಮಾಮೀಟರ್ ಮಾತ್ರ 36 ಡಿಗ್ರಿ ತೋರಿಸುತ್ತಿತ್ತು. ಟೀ ಕುಡಿಯೋಣ ಅಂತ ನಿಲ್ಲಿಸಿದೆ. ನೋಡುತ್ತಿದ್ದಂತೆ 45ಕ್ಕೆ ಏರಿತು. ಯಂತ್ರ ಕೆಟ್ಟಿರಲಿಲ್ಲ. ಸೆನ್ಸರನ್ನು ಟ್ಯಾಂಕ್ ಕೆಳಗೆ, ಎಂಜಿನ್ನಿನಿಂದ ಒಂದು ಗೇಣು ದೂರದಲ್ಲಿ ಕಟ್ಟಿದ್ದೆ. ವೈರ್ ಕಾಣಬಾರದು ಅನ್ನೋದಷ್ಟೇ ಆವತ್ತಿನ ನನ್ನ ಯೋಚನೆ.

ಈ ಥರ್ಮಾಮೀಟರ್ ಹಾಕೋದು ಅರ್ಧ ದಿನದ ಕೆಲಸ. ಅದರಲ್ಲಿ ಮುಕ್ಕಾಲು ಪಾಲು ಗಮನ ಸೆನ್ಸರಿನ ಜಾಗಕ್ಕೇ ಹೋಗಬೇಕು. ಉಳಿದದ್ದು ಸಲೀಸು.

ಯಾವುದು ತರಬೇಕು

ಫ್ರಿಜ್‌ಗೆ, ಮೀನಿನ ತೊಟ್ಟಿಗೆ ಹಾಕುವ ಪುಟ್ಟ ಡಿಜಿಟಲ್ ಥರ್ಮಾಮೀಟರ್ ಸಾಕು. ಬೆಂಕಿಪೊಟ್ಟಣದಷ್ಟಿರುತ್ತದೆ. ಹಿಂದಿನಿಂದ ಒಂದು ಮೀಟರ್ ವೈರ್, ಅದರ ತುದಿಯಲ್ಲಿ ಸೆನ್ಸರ್. ಎರಡು ಎಲ್ಆರ್44 ಬಟನ್ ಸೆಲ್ ಮೇಲೆ ನಡೆಯುತ್ತದೆ. ಮೈನಸ್ 50ರಿಂದ 70 ಡಿಗ್ರಿವರೆಗೆ ತೋರಿಸುತ್ತದೆ. ಒಂದು ಡಿಗ್ರಿ ಆಚೀಚೆ ಆಗಬಹುದು, ಗಾಡಿ ಓಡಿಸುವವರಿಗೆ ಅಷ್ಟು ಸಾಕಲ್ವಾ? ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ.

ಗಾಡಿಯ ಬ್ಯಾಟರಿಯಿಂದಲೇ ನಡೆಯುವ 12 ವೋಲ್ಟಿನ ಎಲ್ಇಡಿ ಮಾದರಿಯೂ ಇದೆ. ಕತ್ತಲಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಅದಕ್ಕೆ ಗಾಡಿಯ ವೈರಿಂಗ್ ಮುಟ್ಟಬೇಕು. ವಾರಂಟಿ ಇರುವ ಹೊಸ ಗಾಡಿಯಾದರೆ ಸೆಲ್ ಹಾಕುವುದೇ ಇರಲಿ. ಲಡಾಖ್, ಸ್ಪಿತಿ ಕಡೆ ಹೋಗುವವರು ಎಲ್ಆರ್44 ಬದಲು ಅದೇ ಅಳತೆಯ ಎಸ್ಆರ್44 ಹಾಕಿಕೊಳ್ಳಿ. ಅದು ಸಿಲ್ವರ್ ಆಕ್ಸೈಡ್ ಸೆಲ್, ಚಳಿಯಲ್ಲಿ ಬೇಗ ಸೋಲುವುದಿಲ್ಲ.

ಮೊದಲು ಐಸ್ ಪರೀಕ್ಷೆ

ಗಾಡಿಗೆ ಕಟ್ಟುವ ಮುಂಚೆ ಅಡುಗೆಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಐಸ್ ಕುಟ್ಟಿ ಪುಡಿ ಮಾಡಿ ಲೋಟದ ತುಂಬ ಹಾಕಿ. ಸಂದಿ ತುಂಬುವಷ್ಟೇ ನೀರು ಸುರಿಯಿರಿ. ಸೆನ್ಸರಿನ ತುದಿ ಮಧ್ಯದಲ್ಲಿರಲಿ, ಲೋಟದ ಗೋಡೆಗೆ ತಾಗದಿರಲಿ. ಆಗಾಗ ಕಲಕುತ್ತಾ ಐದು ಹತ್ತು ನಿಮಿಷ ಕಾಯಿರಿ. ಸೊನ್ನೆ ಬರಬೇಕು. ನನ್ನದು 0.8 ತೋರಿಸಿತು. ಅದನ್ನು ಚೀಟಿಯಲ್ಲಿ ಬರೆದು ಡಿಸ್‌ಪ್ಲೇ ಹಿಂದೆ ಅಂಟಿಸಿದ್ದೇನೆ. ಎರಡು ಡಿಗ್ರಿಗಿಂತ ಜಾಸ್ತಿ ತಪ್ಪಿದರೆ ಬದಲಾಯಿಸಿಕೊಂಡು ಬನ್ನಿ.

ಸೆನ್ಸರಿನ ಜಾಗ

ಹವಾಮಾನ ಇಲಾಖೆಯವರು ಥರ್ಮಾಮೀಟರನ್ನು ಸುಮ್ನೆ ಬಯಲಲ್ಲಿ ನೇತುಹಾಕುವುದಿಲ್ಲ. ಬಿಳಿ ಬಣ್ಣದ ಮರದ ಪೆಟ್ಟಿಗೆ, ಅದರ ಸುತ್ತ ಗಾಳಿಯಾಡುವ ಪಟ್ಟಿಗಳು. ಬಿಸಿಲು ತಾಗಬಾರದು, ಮಳೆ ಬೀಳಬಾರದು, ಗಾಳಿ ಮಾತ್ರ ಬರಬೇಕು. ಬೈಕಿಗೂ ಇದೇ ಬೇಕು. ಜೊತೆಗೆ ಎಂಜಿನ್, ಸೈಲೆನ್ಸರ್, ರೇಡಿಯೇಟರ್, ಹೆಡ್‌ಲೈಟ್ ಬಿಸಿ ತಟ್ಟಬಾರದು.

ನನ್ನ ಏರ್‌ಕೂಲ್ಡ್ 350 ಸಿ.ಸಿ. ಗಾಡಿಯಲ್ಲಿ ಮೂರು ಕಡೆ ಕಟ್ಟಿ ನೋಡಿದೆ. ಟ್ಯಾಂಕ್ ಕೆಳಗಿನ ಕಥೆ ಆಗಲೇ ಹೇಳಿದೆ. ಮುಂದಿನ ಮಡ್‌ಗಾರ್ಡಿಗೆ ಕಟ್ಟಿದರೆ ಡಾಂಬರಿನ ಕಾವು ಹತ್ತಿರ, ಕೆಸರೂ ಜಾಸ್ತಿ. ಸಾಲದ್ದಕ್ಕೆ ಸಸ್ಪೆನ್ಷನ್ ಮೇಲೆ ಕೆಳಗೆ ಆಡುವಾಗ ವೈರ್ ಎಳೆದಾಡುತ್ತದೆ. ಕೊನೆಗೆ ಸರಿ ಬಂದದ್ದು ಹೆಡ್‌ಲೈಟ್ ಕೆಳಗೆ ಎರಡು ಫೋರ್ಕ್‌ಗಳನ್ನು, ಅಂದರೆ ಮುಂದಿನ ಚಕ್ರದ ಎರಡು ಕಾಲುಗಳನ್ನು, ಹಿಡಿದಿರುವ ಅಡ್ಡ ಭಾಗ, ಅದರ ಮುಂಬದಿ. ಓಡುವಾಗ ಗಾಳಿ ಎಂಜಿನ್ನಿಗೆ ತಾಗುವ ಮುಂಚೆಯೇ ಅಲ್ಲಿಗೆ ಬರುತ್ತದೆ. ಇನ್ನೊಂದು ಲಾಭ ಇದೆ. ಹ್ಯಾಂಡಲ್ ತಿರುಗಿದಾಗ ಈ ಭಾಗವೂ ಜೊತೆಗೇ ತಿರುಗುತ್ತದೆ. ಡಿಸ್‌ಪ್ಲೇ ಹ್ಯಾಂಡಲ್ ಮೇಲಿದ್ದರೆ ಎರಡರ ನಡುವಿನ ವೈರ್ ಬಾಗುವುದೂ ಇಲ್ಲ, ಎಳೆಯುವುದೂ ಇಲ್ಲ.

ಸೆನ್ಸರಿಗೆ ಒಂದು ಗೂಡು ಮಾಡಿ. ಎರಡು ಇಂಚು ಉದ್ದದ ಬಿಳಿ ಪಿವಿಸಿ ಪೈಪ್ ತುಂಡು ಸಾಕು. ಎರಡೂ ತುದಿ ತೆರೆದಿರಲಿ. ಬಾಯಿ ಮುಂದಕ್ಕೆ, ಸ್ವಲ್ಪ ಕೆಳಕ್ಕೆ ಬಾಗಿರಲಿ, ಆಗ ನೀರು ನಿಲ್ಲುವುದಿಲ್ಲ. ಸೆನ್ಸರ್ ಕಬ್ಬಿಣಕ್ಕೂ ಪೈಪಿಗೂ ತಾಗದಂತೆ ನಡುವೆ ನಿಲ್ಲಬೇಕು. ಅದಕ್ಕೆ ವೈರಿಗೆ ಒಂದು ಚೂರು ಸ್ಪಂಜು ಸುತ್ತಿ ಪೈಪಿನ ಹಿಂಬಾಯಿಯ ಒಂದು ಬದಿಗೆ ಸಿಕ್ಕಿಸಿದ್ದೇನೆ. ಗಾಳಿ ಹೊರಗೆ ಹೋಗಲು ಅರ್ಧ ಬಾಯಿ ಖಾಲಿ ಇದೆ.

ಮಳೆಯಲ್ಲಿ ಈ ಗೂಡು ಇನ್ನೂ ಮುಖ್ಯ. ಒದ್ದೆ ಸೆನ್ಸರ್ ಮೇಲೆ ಗಾಳಿ ಬೀಸಿದರೆ ನೀರು ಆವಿಯಾಗಿ ಅದು ತಣ್ಣಗಾಗುತ್ತದೆ. ಆಗ ನಿಜವಾದ ಗಾಳಿಗಿಂತ ಕಡಿಮೆ ಅಂಕಿ ಬರುತ್ತದೆ.

ಡಿಸ್‌ಪ್ಲೇ ಮತ್ತು ವೈರ್

ಡಿಸ್‌ಪ್ಲೇಗೆ ಸ್ಪೀಡೋಮೀಟರ್ ಪಕ್ಕದ ಜಾಗ ನೋಡಿ. ಕಣ್ಣು ಒಂದು ಕ್ಷಣ ಇಳಿಸಿದರೆ ಕಾಣಬೇಕು. ಬೀಗದ ಕೈಗಾಗಲಿ, ಪೆಟ್ರೋಲ್ ಮುಚ್ಚಳಕ್ಕಾಗಲಿ ಅಡ್ಡ ಬರಬಾರದು. ಜಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಒಳ್ಳೆಯ ಎರಡು ಬದಿ ಅಂಟಿನ ಫೋಮ್ ಟೇಪ್ ಹಾಕಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಂದು ದಿನ ಗಾಡಿ ತೆಗೆಯಬೇಡಿ, ಅಂಟು ಹಿಡಿಯಲು ಸಮಯ ಬೇಕು. ಟೇಪಿನ ಜೊತೆ ಒಂದು ಕೇಬಲ್ ಟೈ ಕೂಡ ಇರಲಿ. ರಸ್ತೆ ಉಬ್ಬುಗಳ ಮೇಲೆ ಬರೀ ಟೇಪನ್ನು ನಂಬುವುದಕ್ಕಾಗುವುದಿಲ್ಲ.

ಈ ಡಬ್ಬಿಗಳು ನೀರು ತಡೆಯುವಂಥವಲ್ಲ. ಅಂಚಿನ ಸುತ್ತ ತೆಳ್ಳಗೆ ಸಿಲಿಕೋನ್ ಹಚ್ಚಿ. ಸೆಲ್ ಮುಚ್ಚಳಕ್ಕೆ ಮಾತ್ರ ಸಿಲಿಕೋನ್ ಬೇಡ, ಇನ್ಸುಲೇಷನ್ ಟೇಪ್ ಸಾಕು. ನಾಳೆ ಸೆಲ್ ಬದಲಾಯಿಸಬೇಕಲ್ವಾ?

ವೈರನ್ನು ಹೆಡ್‌ಲೈಟ್ ಹಿಂದಿನಿಂದ ಇಳಿಸಿ. ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್‌ಗೆ ಕಟ್ಟಬೇಡಿ, ಅವು ಅಲುಗಾಡುತ್ತಿರಬೇಕು. ಸ್ಪಾರ್ಕ್ ಪ್ಲಗ್ ವೈರಿನ ಹತ್ತಿರ ಹಾಯಿಸಬೇಡಿ, ಅಂಕಿ ಕುಣಿಯಬಹುದು. ಎಲ್ಲ ಕಟ್ಟಿದ ಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ಮುಂದಿನ ಬ್ರೇಕ್ ಹಿಡಿದು ಫೋರ್ಕ್ ಒತ್ತಿ ನೋಡಿ. ಎಲ್ಲೂ ಸಿಕ್ಕಿಕೊಳ್ಳಬಾರದು.

12 ವೋಲ್ಟಿನದು ತಂದಿದ್ದರೆ ಬೀಗದ ಕೈ ತಿರುಗಿಸಿ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ವೈರ್ ಹುಡುಕಬೇಕು. ಬಣ್ಣ ನೋಡಿ ಊಹಿಸಬೇಡಿ, ಮಲ್ಟಿಮೀಟರ್ ಇಟ್ಟೇ ನೋಡಿ. ಮಧ್ಯೆ 1 ಆಂಪಿಯರ್ ಫ್ಯೂಸ್ ಕಡ್ಡಾಯ. ವೈರಿಂಗ್ ಅಭ್ಯಾಸ ಇಲ್ಲದವರು ಮೆಕ್ಯಾನಿಕ್ ಹತ್ತಿರ ಮಾಡಿಸಿ.

ಅಂಕಿಯನ್ನು ಓದುವುದು

ಸಿಗ್ನಲ್‌ನಲ್ಲಿ ನಿಂತಾಗ ಕಾಣುವ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸೆನ್ಸರ್ ಎಲ್ಲೇ ಇದ್ದರೂ ನಿಂತ ಗಾಡಿಯ ಕಾವು ಸ್ವಲ್ಪ ತಟ್ಟುತ್ತದೆ. ಮತ್ತೆ ಹೊರಟು ನಾಲ್ಕೈದು ನಿಮಿಷ ಆದ ಮೇಲೆ ನೋಡಿ.

ಚಳಿಯಲ್ಲಿ ಎರಡು ವಿಷಯ. ಥರ್ಮಾಮೀಟರ್ 10 ಡಿಗ್ರಿ ತೋರಿಸುವಾಗ ನೀವು 60 ಕಿ.ಮೀ. ವೇಗದಲ್ಲಿದ್ದರೆ ಬರಿ ಮೈಗೆ ಅದು ಸುಮಾರು 5 ಡಿಗ್ರಿಯ ಚಳಿ. ಬೆರಳು ಮರಗಟ್ಟುವ ತನಕ ಕಾಯದೆ ಗ್ಲೌಸ್ ಬದಲಿಸಿ. ಹಿಮಾಲಯದ ಪಾಸ್‌ಗಳಲ್ಲಿ 3 ಡಿಗ್ರಿ ಕಂಡರೆ ವೇಗ ಇಳಿಸಿ. ಗಾಳಿ ಸೊನ್ನೆಗಿಂತ ಮೇಲಿದ್ದರೂ ನೆರಳಿನ ತಿರುವಿನಲ್ಲಿ, ಸೇತುವೆ ಮೇಲೆ ರಸ್ತೆಯ ನೀರು ಗಾಜಿನಂತೆ ಹೆಪ್ಪುಗಟ್ಟಿರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ.

ನಮ್ಮ ಕಡೆ ಜಾಸ್ತಿ ಕೆಲಸಕ್ಕೆ ಬರುವುದು ಸೆಕೆಯ ಅಂಕಿ. ಏಪ್ರಿಲ್, ಮೇನಲ್ಲಿ ರಾಯಚೂರು, ಕಲಬುರಗಿ ಕಡೆ 40 ದಾಟುತ್ತದೆ. ನಮ್ಮ ಚರ್ಮ ಸುಮಾರು 35 ಡಿಗ್ರಿ ಇರುತ್ತದೆ. ಗಾಳಿ ಅದಕ್ಕಿಂತ ಬಿಸಿ ಇದ್ದರೆ ಜಾಕೆಟ್ ಬಿಚ್ಚಿ ಓಡಿಸಿದಷ್ಟೂ ಗಾಳಿ ಮೈಗೆ ಕಾವು ತುಂಬುತ್ತದೆ. ಬೆವರು ಬಂದದ್ದೇ ಗೊತ್ತಾಗದಷ್ಟು ಬೇಗ ಆರಿಹೋಗುತ್ತದೆ. ದೇಹದ ನೀರು ಬತ್ತುತ್ತಿರುತ್ತದೆ, ನಮಗೆ ಮಾತ್ರ ಆರಾಮಾಗಿದ್ದೇವೆ ಅನ್ನಿಸುತ್ತಿರುತ್ತದೆ. ನಾನು 38 ಕಂಡ ಕೂಡಲೇ ಒಳಗಿನ ಟೀ ಶರ್ಟ್ ಒದ್ದೆ ಮಾಡಿಕೊಂಡು ಜಾಕೆಟ್ ಹಾಕಿಕೊಳ್ಳುತ್ತೇನೆ. ಅರ್ಧ ಗಂಟೆಗೊಮ್ಮೆ ನೀರು ಕುಡಿಯುತ್ತೇನೆ. 42 ಆದರೆ ನೆರಳು ಹುಡುಕಿ ನಿಲ್ಲುತ್ತೇನೆ.

ಘಾಟಿಯಲ್ಲಿ ಒಂದು ಪರೀಕ್ಷೆ

ಕೆಲಸ ಸರಿಯಾಗಿದೆಯಾ ಅಂತ ನೋಡಲು ಚಿಕ್ಕಮಗಳೂರಿಂದ ಮುಳ್ಳಯ್ಯನಗಿರಿ ಹತ್ತಿ. ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುವುದು ವಾಡಿಕೆ. ಪೇಟೆ ಇರುವುದು ಸಾವಿರ ಮೀಟರ್ ಮೇಲೆ, ಶಿಖರ 1,930 ಮೀಟರ್. ಹಾಗಾಗಿ ಮಧ್ಯಾಹ್ನ ಹೊರಟರೆ ಮೇಲೆ ಹೋಗುವಷ್ಟರಲ್ಲಿ ನಾಲ್ಕೈದು ಡಿಗ್ರಿ ಕಡಿಮೆ ಆಗಬೇಕು. ಬೆಳಗಿನ ಜಾವ ಈ ಲೆಕ್ಕ ನಡೆಯುವುದಿಲ್ಲ. ತಣ್ಣನೆ ಗಾಳಿ ರಾತ್ರಿಯೆಲ್ಲ ಕೆಳಗಿಳಿದು ಕಣಿವೆಯಲ್ಲಿ ಕೂತಿರುತ್ತದೆ, ಮೇಲೆ ಹೋದಂತೆ ಒಮ್ಮೊಮ್ಮೆ ಅಂಕಿ ಏರುವುದೂ ಉಂಟು.

ಮಳೆಗಾಲದಲ್ಲಿ ಅಂಕಿ ಇದ್ದಕ್ಕಿದ್ದಂತೆ ಐದಾರು ಡಿಗ್ರಿ ಮೇಲೆ ಹಾರಿದರೆ ವೈರಿನ ಜಾಯಿಂಟ್ ನೋಡಿ. ಈ ಸೆನ್ಸರಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಬಿಸಿಯಾದಂತೆ ಕಡಿಮೆಯಾಗುತ್ತದೆ. ಜಾಯಿಂಟಿಗೆ ನೀರು ಹೊಕ್ಕರೂ ರೆಸಿಸ್ಟೆನ್ಸ್ ಇಳಿಯುತ್ತದೆ, ಯಂತ್ರ ಅದನ್ನೂ ಬಿಸಿ ಅಂತಲೇ ಓದುತ್ತದೆ. ಬಿಚ್ಚಿ, ಒಣಗಿಸಿ, ಕಾಯಿಸಿದರೆ ಬಿಗಿಯಾಗಿ ಕೂರುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿದರೆ ಸರಿಹೋಗುತ್ತದೆ.